ಇಸ್ಪೀಟಿನ ಮೇಜು: ಮಳೆಗಾಲಕ್ಕೆ ಉಬ್ಬಿದ ಬಟ್ಟೆ, ಮಗುಚುವ ಪಾದ

ಪ್ರಶ್ನೆ: ಕುಂದಾಪುರದ ಸಮೀಪದ ಓದುಗರೊಬ್ಬರು ಬರೆದಿರುವ ಪತ್ರದ ಸಾರ ಹೀಗಿದೆ. "ನನ್ನ ತಂದೆಯವರಿಗೆ 74 ವರ್ಷ. ಪ್ರತಿ ಭಾನುವಾರ ಮಧ್ಯಾಹ್ನ ಅವರ ಐವರು ಗೆಳೆಯರು ಮನೆಗೆ ಬರುತ್ತಾರೆ, ಕಾಸು ಕಟ್ಟದೆ ರಮ್ಮಿ ಆಡುತ್ತಾರೆ. ಮೊದಲು ಜಮಖಾನ ಹಾಸಿ ನೆಲದಲ್ಲೇ ಕೂರುತ್ತಿದ್ದರು. ಈಗ ಮೊಣಕಾಲು ನೋವಿನಿಂದ ಯಾರಿಗೂ ನೆಲದಲ್ಲಿ ಕೂರಲಾಗುವುದಿಲ್ಲ. ಕಳೆದ ಮಾರ್ಚಿನಲ್ಲಿ ನಾನೇ ಒಂದು ಮೇಜು ಮಾಡಿದೆ. 18 ಮಿ.ಮೀ. ಪ್ಲೈವುಡ್ಡನ್ನು ಸುಮಾರು 4 ಅಡಿ ವ್ಯಾಸಕ್ಕೆ ದುಂಡಗೆ ಕತ್ತರಿಸಿ, ಅದರ ಮೇಲೆ ಹಾಸಿಗೆಯಿಂದ ತೆಗೆದ ಒಂದು ಇಂಚು ದಪ್ಪದ ಸ್ಪಂಜು ಹಾಸಿ, ಹಸಿರು ಮಖಮಲ್ಲನ್ನು ಬಿಳಿ ಅಂಟಿನಿಂದ ಅಂಟಿಸಿದೆ. ನಡುವೆ ಒಂದೇ ಕಂಬ, ಕೆಳಗೆ 2 ಅಡಿ ಚೌಕದ ಪಾದ. ಜುಲೈ ಹೊತ್ತಿಗೆ ಬಟ್ಟೆ ಅಲ್ಲಲ್ಲಿ ಉಬ್ಬಿತು, ಬೂಸಲಿನ ವಾಸನೆ ಬಂತು, ಎಲೆಗಳು ಜಾರದೆ ನಿಲ್ಲತೊಡಗಿದವು. ಒಂದು ದಿನ ತಂದೆಯವರು ಏಳುವಾಗ ಅಂಚಿಗೆ ಕೈ ಊರಿದರು, ಮೇಜು ಮಗುಚುವುದರಲ್ಲಿತ್ತು. ನಮ್ಮ ಆಚಾರಿಯವರು 'ಸಾಗುವಾನಿ ಹಲಗೆ, ನಾಲ್ಕು ಕಾಲು ಹಾಕಿಸಿ' ಎನ್ನುತ್ತಾರೆ. ಗೆಳೆಯರೊಬ್ಬರು ಮೇಲೆ ಗಾಜು ಹಾಸಿ ಎನ್ನುತ್ತಾರೆ. ಎಲ್ಲವನ್ನೂ ಬಿಸಾಡಿ ಹೊಸದಾಗಿ ಆರಂಭಿಸಬೇಕೆ?"

ಉತ್ತರ: ಬಿಸಾಡಬೇಕಾಗಿಲ್ಲ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ದೋಷಗಳು ಒಂದರೊಳಗೊಂದು ಸೇರಿಕೊಂಡಿವೆ. ಬಟ್ಟೆ ಉಬ್ಬಿದ್ದು, ವಾಸನೆ ಬಂದದ್ದು, ಎಲೆ ನಿಂತದ್ದು ಇವೆಲ್ಲ ಮೇಲ್ಮೈಯ ದೋಷ. ಅದು ಆಟವನ್ನು ಕೆಡಿಸುತ್ತದೆ, ಅಷ್ಟೇ. ಮೇಜು ಮಗುಚಲು ಬಂದದ್ದು ಪಾದದ ದೋಷ. ಅದು ಸೊಂಟದ ಮೂಳೆ ಮುರಿಯಬಲ್ಲದು. ಆದ್ದರಿಂದ ಪಾದದಿಂದಲೇ ಆರಂಭಿಸುತ್ತೇನೆ, ಅದು ಸರಿಯಾಗುವವರೆಗೆ ಆ ಮೇಜಿನ ಬಳಿ ಹಿರಿಯರನ್ನು ಕೂರಿಸಬೇಡಿ.

ಮೇಜು ಮಗುಚುವುದು ತಕ್ಕಡಿಯ ಲೆಕ್ಕ. ನಿಮ್ಮ ಮೇಜಿನ ಪಾದ 60 ಸೆಂ.ಮೀ. ಚೌಕವಾದ್ದರಿಂದ ನಡುವಿನಿಂದ ಪಾದದ ಅಂಚಿಗೆ 30 ಸೆಂ.ಮೀ. ದೂರ. ಮೇಲಿನ ಹಲಗೆಯ ಅಂಚು ನಡುವಿನಿಂದ ಸುಮಾರು 59 ಸೆಂ.ಮೀ. ದೂರದಲ್ಲಿದೆ, ಅಂದರೆ ಪಾದದಿಂದ ಹೊರಕ್ಕೆ 29 ಸೆಂ.ಮೀ. ಚಾಚಿದೆ. ಒಳಗಿನ ತೋಳೂ ಹೊರಗಿನ ತೋಳೂ ಹೆಚ್ಚು ಕಡಿಮೆ ಸಮನಾಗಿರುವುದರಿಂದ, ಮೇಜಿನ ತೂಕ ಎಷ್ಟಿದೆಯೋ ಅಷ್ಟೇ ಭಾರ ಅಂಚಿನ ಮೇಲೆ ಬಿದ್ದರೆ ಮೇಜು ಏಳುತ್ತದೆ. ನಿಮ್ಮದು 25 ಕೆ.ಜಿ. ಇದ್ದೀತು. ಮೊಣಕಾಲು ನೋವಿರುವ ಹಿರಿಯರು ಏಳುವಾಗ ಎರಡೂ ಅಂಗೈ ಊರಿ ದೇಹವನ್ನು ಮೇಲಕ್ಕೆತ್ತುತ್ತಾರೆ. ಅಲ್ಲಿ ಬೀಳುವ ಭಾರ 25 ಕೆ.ಜಿ.ಯನ್ನು ಸುಲಭವಾಗಿ ದಾಟುತ್ತದೆ. ಎಲೆ ಹಂಚುವಾಗ, ಮೊಣಕೈ ಊರಿದಾಗ ಗಟ್ಟಿಯಾಗಿಯೇ ಕಂಡ ಮೇಜು ಅವರು ಏಳುವ ಕ್ಷಣದಲ್ಲಿ ಕೈಕೊಟ್ಟದ್ದು ಇದರಿಂದಲೇ.

ಇದನ್ನು ಕೇಳಿದ ಕೂಡಲೇ ನಿಮ್ಮ ಆಚಾರಿಯವರ ಮಾತು ಸರಿ, ನಾಲ್ಕು ಕಾಲೇ ಬೇಕು ಎಂದು ತೋರಬಹುದು. ನಾಲ್ವರು ಆಡುವ ಚೌಕದ ಮೇಜಿಗೆ ಅವರ ಮಾತು ನೂರಕ್ಕೆ ನೂರು ಸರಿ. ಆದರೆ ಆರು ಜನ ಕೂರುವ ದುಂಡು ಮೇಜಿಗೆ ನಾಲ್ಕು ಕಾಲು ಹಾಕಿದರೆ, ಅದನ್ನು ಹೇಗೆ ತಿರುಗಿಸಿದರೂ ಎಲ್ಲ ಕಾಲುಗಳೂ ಕುರ್ಚಿಗಳ ನಡುವಿಗೆ ಬರುವುದಿಲ್ಲ. ಇದ್ದುದರಲ್ಲಿ ಒಳ್ಳೆಯ ಜೋಡಣೆಯಲ್ಲಿಯೂ ಇಬ್ಬರಿಗಷ್ಟೇ ಮುಂದೆ ಬಯಲು ಸಿಗುತ್ತದೆ. ಉಳಿದ ನಾಲ್ವರಿಗೆ ಒಂದು ಮೊಣಕಾಲಿನ ಪಕ್ಕದಲ್ಲೇ ಮರದ ಕಾಲು ನಿಂತಿರುತ್ತದೆ. ಮೊಣಕಾಲು ನೋಯುತ್ತದೆಂದೇ ಮೇಜು ಮಾಡಿಸುವವರಿಗೆ ಇದು ಸರಿಹೋಗದು. ಮೂರು ಕಾಲು ಹಾಕಿದರೆ ಕುರ್ಚಿಗಳ ನಡುವೆ ಸರಿಯಾಗಿ ಕೂರುತ್ತವೆ, ಏರುತಗ್ಗಿನ ನೆಲದಲ್ಲಿಯೂ ಅಲುಗಾಡುವುದಿಲ್ಲ, ಆದರೆ ಕಾಲಿಲ್ಲದ ಪಕ್ಕದಲ್ಲಿ ಭಾರ ಬಿದ್ದರೆ ಈಗಿನದಕ್ಕಿಂತಲೂ ಬೇಗ ಮಗುಚುತ್ತದೆ. ಹಿರಿಯರಿರುವ ಮನೆಗೆ ಮೂರು ಕಾಲಿನ ಮೇಜನ್ನು ನಾನು ಮಾಡಿಕೊಡುವುದಿಲ್ಲ.

ಹಾಗಾಗಿ ನಿಮ್ಮ ಒಂಟಿ ಕಂಬ ತಪ್ಪಲ್ಲ, ಅದರ ಕೆಳಗಿನ ಚೌಕ ತಪ್ಪು. ಅದನ್ನು ತೆಗೆದು, ತಲಾ 1 ಮೀಟರ್ ಉದ್ದದ ಎರಡು ತೊಲೆಗಳನ್ನು ಕೂಡಿಸುವ ಚಿಹ್ನೆಯಂತೆ ಒಂದರೊಳಗೊಂದು ಅರ್ಧರ್ಧ ಕೊರೆದು ಕೂರಿಸಿ. ಇಂಥ ಅಡ್ಡಪಾದ 70 ಸೆಂ.ಮೀ. ಚೌಕದಲ್ಲಿ ನಿಂತ ನಾಲ್ಕು ಕಾಲಿನಷ್ಟೇ ಭದ್ರ. ನಡುವಿನಿಂದ ಮಗುಚುವ ಗೆರೆಗೆ ಸುಮಾರು 35 ಸೆಂ.ಮೀ. ಸಿಗುತ್ತದೆ, ಹೊರಗೆ 24 ಸೆಂ.ಮೀ. ಮಾತ್ರ ಉಳಿಯುತ್ತದೆ. ಪಾದವನ್ನು ದಪ್ಪ ಮರದಲ್ಲಿ ಮಾಡಿ ಒಟ್ಟು ತೂಕವನ್ನು 30 ಕೆ.ಜಿ.ಗೆ ಏರಿಸಿದರೆ, ಅಂಚಿನಲ್ಲಿ 43 ಕೆ.ಜಿ. ಬಿದ್ದರೂ ಮೇಜು ನಿಲ್ಲುತ್ತದೆ. ಇನ್ನೂ ಭದ್ರತೆ ಬೇಕೆಂದರೆ ಪಾದದ ನಡುವೆ ಕಬ್ಬಿಣದ ದಪ್ಪ ಫಲಕವೊಂದನ್ನು ತಿರುಪು ಹಾಕಿ ಕೂರಿಸಬಹುದು. ಭಾರ ಕೆಳಗಿದ್ದಷ್ಟೂ ಒಳ್ಳೆಯದು. ತೊಲೆಯ ನಾಲ್ಕು ತುದಿಗಳು ಮಾತ್ರ ನೆಲ ಮುಟ್ಟುವಂತೆ ಅಡಿಯಲ್ಲಿ ರಬ್ಬರಿನ ಗುಂಡಿಗಳನ್ನು ಹಾಕಿ. ನೆಲ ಒರೆಸುವ ನೀರು ಮರಕ್ಕೆ ಹತ್ತದಿರುವುದಕ್ಕೂ ಅವು ಬೇಕು.

ಕಂಬದ ಮೇಲ್ತುದಿಯನ್ನೂ ನೋಡಿ. ಬಹುತೇಕ ಮನೆಗೆಲಸದ ಮೇಜುಗಳಲ್ಲಿ ಅಂಗೈಯಷ್ಟು ಅಗಲದ ತಗಡಿನ ಮೇಲೆ ಇಡೀ ಹಲಗೆ ಕೂತಿರುತ್ತದೆ, ಕೆಲವೇ ತಿಂಗಳಲ್ಲಿ ತಿರುಪುಗಳು ಸಡಿಲವಾಗುತ್ತವೆ. ಅಲ್ಲಿಯೂ 80 ಸೆಂ.ಮೀ. ಉದ್ದದ ಅಡ್ಡತೋಳುಗಳನ್ನು ಕೊಟ್ಟು, ಕೆಳಗಿನಿಂದ ಪ್ಲೈವುಡ್ಡಿನ ಮುಖಕ್ಕೆ ತಿರುಪು ಬಿಗಿಯಿರಿ. ಪದರಗಳು ಕಾಣುವ ಪಕ್ಕದ ಅಂಚಿಗೆ ಬಿಗಿದ ತಿರುಪು ಹೆಚ್ಚು ದಿನ ನಿಲ್ಲುವುದಿಲ್ಲ.

ಇನ್ನು ಸಾಗುವಾನಿಯ ವಿಷಯ. ಒಳ್ಳೆಯ ಮರವೆಂದರೆ ಸಾಗುವಾನಿ, ಅದನ್ನು ಹಾಕಿದರೆ ಯಾವ ತೊಂದರೆಯೂ ಇಲ್ಲ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಬಾಗಿಲಿಗೆ, ಕಿಟಕಿಗೆ ಆ ಮಾತು ಹೊಂದುತ್ತದೆ. ಆದರೆ ಯಾವ ಮರವೇ ಆಗಲಿ, ಹಲಗೆಯಾದ ಮೇಲೂ ತೇವ ಹೀರಿದಾಗ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಸಾಗುವಾನಿ ಹಿಗ್ಗುವುದು ಬೇರೆ ಮರಗಳಿಗಿಂತ ಕಡಿಮೆ, ನಿಜ. ಆದರೂ ಪಟ್ಟಿಗಳನ್ನು ಜೋಡಿಸಿದ 4 ಅಡಿ ಅಗಲದ ಹಲಗೆ ಕರಾವಳಿಯ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಅರ್ಧ ಸೆಂಟಿಮೀಟರಿಗೂ ಹೆಚ್ಚು ಹಿಗ್ಗಿ ಕುಗ್ಗಬಲ್ಲದು. ಅದರ ಮೇಲೆ ಎಳೆದು ಕಟ್ಟಿದ ಬಟ್ಟೆ ಒಮ್ಮೆ ಬಿಗಿಯಾಗುತ್ತದೆ, ಒಮ್ಮೆ ಸಡಿಲವಾಗುತ್ತದೆ. ಹಲಗೆಯನ್ನು ಅಡಿಯ ತೋಳುಗಳಿಗೆ ಅಲುಗದಂತೆ ಬಿಗಿದಿದ್ದರೆ ಸೀಳೂ ಬಿಡುತ್ತದೆ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆ ಮುಂದಿನ ಪದರಕ್ಕೆ ಅಡ್ಡವಾಗಿರುವುದರಿಂದ ಒಂದು ಇನ್ನೊಂದನ್ನು ಹಿಡಿದಿಡುತ್ತದೆ. ಬಟ್ಟೆಯ ಕೆಳಗೆ ಹೇಗೂ ಕಾಣಿಸದ ಜಾಗಕ್ಕೆ ಸಾಗುವಾನಿ ಸುರಿಯುವುದು ಹಣವನ್ನು ಮುಚ್ಚಿಟ್ಟಂತೆ. ಮರದ ಚೆಲುವು ಬೇಕಿದ್ದರೆ ಕಂಬಕ್ಕೂ ಪಾದಕ್ಕೂ ಅಂಚಿನ ಪಟ್ಟಿಗೂ ಬಳಸಿ. ನಿಮ್ಮ ಕಡೆ ಹಲಸು, ಹೆಬ್ಬಲಸು ಸಿಗುತ್ತವೆ. ಚೆನ್ನಾಗಿ ಒಣಗಿದ ಹಲಸಿನ ಹಳದಿ ಬಣ್ಣಕ್ಕೆ ವರ್ಷ ಕಳೆದಂತೆ ಕಂದು ತಿರುಗುವ ಗುಣವಿದೆ, ಅದರ ಮುಂದೆ ಸಾಗುವಾನಿ ನನ್ನ ಕಣ್ಣಿಗೆ ಸಪ್ಪೆಯೇ. ಬಿಳಿ ಭಾಗವಿರುವ ತುಂಡನ್ನು ಮಾತ್ರ ತೆಗೆದುಕೊಳ್ಳಬೇಡಿ, ಕುಟ್ಟೆ ಹುಳು ಮೊದಲು ಹಿಡಿಯುವುದು ಅಲ್ಲಿಯೇ.

ಈಗಿರುವ ಪ್ಲೈವುಡ್ ಉಳಿಸಿಕೊಳ್ಳಬಹುದೇ ಎಂಬುದನ್ನು ನೀವೇ ಪರೀಕ್ಷಿಸಿ. ಬಟ್ಟೆ, ಸ್ಪಂಜು ಎಲ್ಲವನ್ನೂ ಕಿತ್ತು, ಹಲಗೆಯನ್ನು ಗಾಳಿಯಾಡುವ ನೆರಳಿನಲ್ಲಿ ಒಂದು ವಾರ ನಿಲ್ಲಿಸಿಡಿ. ಆಮೇಲೆ ಒಂದು ನಾಣ್ಯದಿಂದ ಗೇಣು ಗೇಣಿಗೂ ತಟ್ಟುತ್ತಾ ಹೋಗಿ. ಎಲ್ಲಾ ಕಡೆ ಒಂದೇ ತೆರನಾದ ಗಟ್ಟಿ ಸದ್ದು ಬಂದರೆ ಹಲಗೆ ಚೆನ್ನಾಗಿದೆ. ಎಲ್ಲಾದರೂ ಟೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ, ಆ ಹಲಗೆಯನ್ನು ಬಿಟ್ಟುಬಿಡಿ. ಹೊಸದು ಕೊಳ್ಳುವುದಾದರೆ ಹಲಗೆಯ ಮೇಲಿನ ಮುದ್ರೆ ನೋಡಿ: ಐಎಸ್ 303 ಎಂಬುದು ಸಾಮಾನ್ಯ ಬಳಕೆಯ ಪ್ಲೈವುಡ್ಡಿನ ಮಾನಕ, ಐಎಸ್ 710 ಎಂಬುದು ಅಂಗಡಿಯವರು ಮರೀನ್ ಎನ್ನುವ, ನೀರು ತಾಳುವ ಪ್ಲೈವುಡ್ಡಿನದು. ಬಯಲುಸೀಮೆಯ ಮನೆಯ ಒಳಗಿನ ಮೇಜಿಗೆ ಮೊದಲನೆಯದು ಸಾಕು. ಕುಂದಾಪುರದಲ್ಲಿ ನಾನಾದರೆ ಎರಡನೆಯದನ್ನೇ ಕೊಳ್ಳುತ್ತೇನೆ. ಯಾವುದೇ ಆದರೂ ಕೆಳಮುಖಕ್ಕೂ ಪಕ್ಕದ ಅಂಚಿಗೂ ಎರಡು ಕೈ ಬಣ್ಣ ಅಥವಾ ವಾರ್ನಿಷ್ ಹಚ್ಚಲೇಬೇಕು. ಒಂದು ಮುಖ ಮುಚ್ಚಿ ಇನ್ನೊಂದನ್ನು ಬೆತ್ತಲೆ ಬಿಟ್ಟರೆ ತೇವ ಒಂದೇ ಕಡೆಯಿಂದ ಏರುತ್ತದೆ, ಹಲಗೆ ತಟ್ಟೆಯಂತೆ ಬಾಗುತ್ತದೆ.

ಅಳತೆಯಲ್ಲಿ ನೀವು ತಪ್ಪಿಲ್ಲ. 8 ಅಡಿಗೆ 4 ಅಡಿಯ ಹಾಳೆಯಿಂದ, ಅಂಚಿನ ಕಚ್ಚುಗಳನ್ನು ಬಿಟ್ಟು, 118 ಸೆಂ.ಮೀ. ವ್ಯಾಸದ ದುಂಡು ಹಲಗೆ ತೆಗೆಯಬಹುದು. ಅದರ ಸುತ್ತಳತೆ 370 ಸೆಂ.ಮೀ.; ಆರು ಜನರಿಗೆ ಹಂಚಿದರೆ ತಲಾ 62 ಸೆಂ.ಮೀ. ಬರುತ್ತದೆ. ರಮ್ಮಿಯಲ್ಲಿ ಆಟ ಮುಗಿಸಿದವರು 13 ಎಲೆಗಳನ್ನು ಸಾಮಾನ್ಯವಾಗಿ ನಾಲ್ಕು ಗುಂಪುಗಳಾಗಿ ಬಿಡಿಸಿ ತೋರಿಸಬೇಕು. 63 ಮಿ.ಮೀ. ಅಗಲದ ಎಲೆಗಳನ್ನು ಮೂಲೆಯ ಅಂಕಿ ಕಾಣುವಷ್ಟು ಸರಿಸಿ ಇಟ್ಟರೆ ಒಂದು ಗುಂಪಿಗೆ 10ರಿಂದ 12 ಸೆಂ.ಮೀ., ನಾಲ್ಕಕ್ಕೆ ಸುಮಾರು 45 ಸೆಂ.ಮೀ. ಬೇಕು. ಆದ್ದರಿಂದ 60 ಸೆಂ.ಮೀ.ಗಿಂತ ಕಡಿಮೆ ಅಂಚು ಸಿಕ್ಕರೆ ಪಕ್ಕದವರ ಎಲೆಗಳ ಮೇಲೆ ಮೊಣಕೈ ಬೀಳುತ್ತದೆ. ಎತ್ತರ ನೆಲದಿಂದ 73 ಅಥವಾ 74 ಸೆಂ.ಮೀ. ಇರಲಿ, ಕುರ್ಚಿಯ ಆಸನ 45 ಸೆಂ.ಮೀ. ಇರಲಿ. ಕುರ್ಚಿಗಳಿಗೆ ಗಟ್ಟಿಯಾದ ಕೈ ಇರುವುದು ಒಳ್ಳೆಯದು: ಏಳುವಾಗ ಊರಲು ಅದಿದ್ದರೆ ಮೇಜಿನ ಅಂಚಿಗೆ ಯಾರೂ ಕೈ ಹಾಕುವುದಿಲ್ಲ.

ಮೇಲ್ಮೈಯ ಮಾತಿಗೆ ಬರೋಣ. ಎಲೆಯ ದಪ್ಪ ಸುಮಾರು 0.3 ಮಿ.ಮೀ. ನುಣುಪಾದ ಗಟ್ಟಿ ಹಲಗೆಯ ಮೇಲೆ ಬಿದ್ದ ಎಲೆಯ ಅಡಿಗೆ ಉಗುರು ಹೋಗುವುದಿಲ್ಲ. ಅದನ್ನು ಅಂಚಿನವರೆಗೆ ಎಳೆದುಕೊಂಡೇ ಎತ್ತಬೇಕು, ಹಾಗೆ ಎಳೆಯುವಾಗ ಪಕ್ಕದವರಿಗೆ ಮುಖ ಕಾಣುತ್ತದೆ. ನಿಮ್ಮ ತಂದೆಯವರ ಜಮಖಾನ ಈ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿತ್ತು: ಎಲೆಯ ಒಂದು ಮೂಲೆಯನ್ನು ಒತ್ತಿದರೆ ನೇಯ್ಗೆ ತುಸು ತಗ್ಗಿ ಇನ್ನೊಂದು ಮೂಲೆ ಮೇಲೇಳುತ್ತದೆ. (ಮೈಸೂರಿನ ಗಂಜೀಫಾದ ದುಂಡು ಎಲೆಗಳಿಗೆ ಈ ಕಷ್ಟವಿರಲಿಲ್ಲ, ಅವು ಅರಗಿನ ಲೇಪದ ದಪ್ಪ ಬಿಲ್ಲೆಗಳು.) ಮೇಜಿನ ಮೇಲಿನ ಮೆತ್ತೆಯ ಉದ್ದೇಶವೂ ಇಷ್ಟೇ. ಅದಕ್ಕೆ 3 ಮಿ.ಮೀ. ದಪ್ಪದ ಇವಿಎ ಶೀಟ್ ಸಾಕು, ಯೋಗದ ಚಾಪೆಯನ್ನು ಹೋಲುವ, ಒತ್ತಿದರೆ ಕೂಡಲೇ ಮರಳಿ ಏಳುವ ಹಾಳೆ ಅದು. ಮೆತ್ತೆ ದಪ್ಪವಾದಷ್ಟೂ ಒಳ್ಳೆಯದು ಎಂಬುದು ಸೋಫಾದಿಂದ ಬಂದ ತಪ್ಪು ಕಲ್ಪನೆ. ಒಂದು ಇಂಚಿನ ಸ್ಪಂಜಿನಲ್ಲಿ ಮೊಣಕೈ ಊರಿದಲ್ಲಿ ಗುಳಿ ಬೀಳುತ್ತದೆ, ಜಾರಿ ಬಂದ ಎಲೆ ಆ ಗುಳಿಯ ದಡಕ್ಕೆ ಬಡಿದು ನಿಲ್ಲುತ್ತದೆ, ಚಹಾದ ಲೋಟ ವಾಲುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಾಸಿಗೆಯ ಸ್ಪಂಜಿನ ಕಣಗಳು ಒಂದಕ್ಕೊಂದು ತೆರೆದಿರುತ್ತವೆ. ಅದು ಗಾಳಿಯ ತೇವವನ್ನೂ ಚೆಲ್ಲಿದ ಚಹಾವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಬೂಸಲಿನ ಮನೆ ಅದೇ. ಇವಿಎ ಹಾಳೆಯ ಕಣಗಳು ಮುಚ್ಚಿರುವುದರಿಂದ ನೀರು ಒಳಗೆ ಇಳಿಯುವುದಿಲ್ಲ.

ಮಖಮಲ್ಲಿನ ಮೇಲೆ ಎಲೆ ನಿಲ್ಲಲು ಕಾರಣ ಅದರ ಜುಂಗು. ಅಂಗೈಯಿಂದ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಸವರಿದರೆ ಬಣ್ಣ ಬದಲಾಗುತ್ತದಲ್ಲ, ಎಲೆಗೂ ಹಾಗೆಯೇ: ಒಂದು ದಿಕ್ಕಿಗೆ ಸರಾಗ, ಎದುರು ದಿಕ್ಕಿಗೆ ತಡೆ. ದುಂಡು ಮೇಜಿನಲ್ಲಿ ಆರು ದಿಕ್ಕಿಗೆ ಎಲೆ ಹಂಚಬೇಕಾದ್ದರಿಂದ ಮಖಮಲ್ಲು ಯಾರಿಗಾದರೂ ಅನ್ಯಾಯ ಮಾಡಿಯೇ ತೀರುತ್ತದೆ. ರೆಕ್ಸಿನ್ ಬೆವರಿಗೆ ಅಂಟುತ್ತದೆ. ಬಿಲಿಯರ್ಡ್ಸ್ ಮೇಜಿಗೆ ಹಾಕುವ ಉಣ್ಣೆಯ ಬಟ್ಟೆ ಆಟಕ್ಕೆ ಅತ್ಯುತ್ತಮ, ಆದರೆ ಕರಾವಳಿಯಲ್ಲಿ ಉಣ್ಣೆಗೆ ನುಸಿ ಮತ್ತು ಬೂಸಲಿನ ಕಾಟ ತಪ್ಪಿದ್ದಲ್ಲ, ಬೆಲೆಯೂ ಹೆಚ್ಚು. ಬಿಗಿಯಾದ ನೇಯ್ಗೆಯ, ಜುಂಗಿಲ್ಲದ, ಹೊಳಪಿಲ್ಲದ ಪಾಲಿಯೆಸ್ಟರ್ ಬಟ್ಟೆಯೇ ನಿಮಗೆ ಸೂಕ್ತ. ಪಾಲಿಯೆಸ್ಟರ್ ತೇವವನ್ನು ಬಹಳ ಕಡಿಮೆ ಹೀರುವುದರಿಂದ ಮಳೆಗಾಲದಲ್ಲಿ ಸಡಿಲವಾಗುವುದಿಲ್ಲ. ಅಂಗಡಿಗೆ ಹೋಗುವಾಗ ಒಂದು ಹಳೆಯ ಕಟ್ಟಿನಿಂದ ನಾಲ್ಕೈದು ಎಲೆಗಳನ್ನು ಜೇಬಿನಲ್ಲಿಟ್ಟುಕೊಳ್ಳಿ. ಬಟ್ಟೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಹಾಸಿ, ನಾಲ್ಕೂ ದಿಕ್ಕಿಗೆ ಎಲೆಗಳನ್ನು ಜಾರಿಸಿ ನೋಡಿ. ಎಲ್ಲ ಕಡೆಗೂ ಒಂದೇ ದೂರ ಹೋದರೆ ಆ ಬಟ್ಟೆ ನಿಮ್ಮದು. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಬಣ್ಣ ಹಸಿರೇ ಆಗಬೇಕೆಂಬ ನಿಯಮವಿಲ್ಲ. ಚಿತ್ತಾರವಿಲ್ಲದ, ಕಡು ನೀಲಿ, ಕಂದು ಯಾವುದಾದರೂ ಆದೀತು.

ಗಾಜಿನ ಸಲಹೆಯನ್ನು ಮರೆತುಬಿಡಿ. ಗಾಜಿನ ಮೇಲಿನ ಎಲೆ ಎತ್ತಲು ಬರುವುದಿಲ್ಲ, ಮೇಲಿನ ದೀಪ ಅದರಲ್ಲಿ ಹೊಳೆದು ಪೊರೆ ಬಂದ ಕಣ್ಣುಗಳಿಗೆ ಚುಚ್ಚುತ್ತದೆ, ಕೆಳಗೆ ಬಟ್ಟೆಯ ತೇವ ಆರಲು ದಾರಿ ಇರುವುದಿಲ್ಲ. ಈ ಅಳತೆಯ 10 ಮಿ.ಮೀ. ಗಾಜು ಸುಮಾರು 27 ಕೆ.ಜಿ. ತೂಗುತ್ತದೆ, ಅಷ್ಟೂ ಭಾರ ಮೇಲ್ಭಾಗದಲ್ಲೇ.

ಬಟ್ಟೆ ಉಬ್ಬಿದ್ದಕ್ಕೆ ಅಂಟು ಕಾರಣ. ಬಿಳಿ ಅಂಟು ಮರಕ್ಕೆ ಮರವನ್ನು ಹಿಡಿಸಲು ಮಾಡಿದ್ದು. ತೇವಕ್ಕೆ ಅದು ಮೆತ್ತಗಾಗುತ್ತದೆ, ಸ್ಪಂಜಿಗೂ ಬಟ್ಟೆಗೂ ನಡುವೆ ಅಲ್ಲಲ್ಲಿ ಬಿಟ್ಟುಕೊಳ್ಳುತ್ತದೆ. ಇನ್ನೂ ಗಟ್ಟಿ ಅಂಟು ಯಾವುದು ಎಂದು ನೀವು ಕೇಳಬಹುದು. ನನ್ನ ಉತ್ತರ ಬೇರೆ: ಬಟ್ಟೆಯನ್ನು ಅಂಟಿಸಲೇಬೇಡಿ. ಮರ ಹತ್ತಾರು ವರ್ಷ ಬಾಳುತ್ತದೆ. ವಾರವಾರವೂ ಆರು ಜೋಡಿ ಕೈ ತಾಗುವ ಬಟ್ಟೆ ಕೆಲವು ವರ್ಷಗಳಲ್ಲಿ ಸವೆಯುತ್ತದೆ, ಅದಕ್ಕೂ ಮುಂಚೆ ಯಾರೋ ಅದರ ಮೇಲೆ ಚಹಾ ಚೆಲ್ಲಿರುತ್ತಾರೆ. ಇಷ್ಟು ಬೇರೆ ಬೇರೆ ಆಯುಸ್ಸಿನ ಎರಡು ವಸ್ತುಗಳನ್ನು ಶಾಶ್ವತವಾಗಿ ಕೂಡಿಸುವುದೇ ಮನೆಯಲ್ಲಿ ಮಾಡಿದ ಇಸ್ಪೀಟಿನ ಮೇಜುಗಳ ದೊಡ್ಡ ತಪ್ಪು.

ನಾನು ಮಾಡುವ ಕ್ರಮ ಹೀಗೆ. 18 ಮಿ.ಮೀ. ದುಂಡು ಹಲಗೆಯ ಮೇಲೆ, ಸುತ್ತಲೂ 7 ಸೆಂ.ಮೀ. ಅಗಲ ಮತ್ತು 12 ಮಿ.ಮೀ. ದಪ್ಪದ ಮರದ ಬಳೆಯೊಂದನ್ನು ತುಂಡು ತುಂಡಾಗಿ ಜೋಡಿಸಿ ಅಂಟಿಸುತ್ತೇನೆ. ಇಲ್ಲಿ ಬಿಳಿ ಅಂಟು ಸರಿ. ನಡುವೆ 104 ಸೆಂ.ಮೀ. ವ್ಯಾಸದ ತಗ್ಗು ಉಳಿಯುತ್ತದೆ. ಅದರೊಳಗೆ ಕೂರುವಂತೆ 9 ಮಿ.ಮೀ. ಪ್ಲೈವುಡ್ಡಿನ ಬೇರೊಂದು ಬಿಲ್ಲೆ. ಅದಕ್ಕೆ ಇವಿಎ ಹಾಳೆಯನ್ನು ಮಾತ್ರ ರಬ್ಬರ್ ಅಂಟಿನಿಂದ ಹಿಡಿಸಬೇಕು. ಎರಡೂ ಮುಖಗಳಿಗೆ ತೆಳ್ಳಗೆ ಸವರಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒಂದು ಬದಿಯಿಂದ ಒತ್ತುತ್ತಾ ಬನ್ನಿ. ಆ ಅಂಟಿನ ಆವಿಗೆ ಬೇಗ ಬೆಂಕಿ ಹತ್ತುತ್ತದೆ, ಆದ್ದರಿಂದ ಕಿಟಕಿ ತೆರೆದಿಡಿ, ದೇವರ ದೀಪವನ್ನೂ ಆರಿಸಿರಿ. ಒಂದು ದಿನ ಬಿಟ್ಟು ಬಟ್ಟೆಯನ್ನು ಬಿಲ್ಲೆಯ ಅಡಿಗೆ ಎಳೆದು ಮಡಚಿ ಪಿನ್ನು ಹೊಡೆಯಿರಿ: ಮೊದಲು ಗಡಿಯಾರದ 12ರ ಬಳಿ ಒಂದು ಪಿನ್ನು, ಆಮೇಲೆ 6ರ ಬಳಿ, ಆಮೇಲೆ 3 ಮತ್ತು 9, ಅನಂತರ ಅವುಗಳ ನಡುನಡುವೆ, ಯಾವಾಗಲೂ ಎದುರು ಬದುರಾಗಿ. ಒಂದೇ ಕಡೆಯಿಂದ ಸುತ್ತುತ್ತಾ ಹೋದರೆ ಕೊನೆಯಲ್ಲಿ ಸುಕ್ಕು ಖಂಡಿತ. ಪಿನ್ನುಗಳು 6 ಮಿ.ಮೀ. ಉದ್ದದವಾಗಿರಲಿ, ಉದ್ದದ್ದು 9 ಮಿ.ಮೀ. ಹಲಗೆಯನ್ನು ದಾಟಿ ಮೇಲೆ ಮುಳ್ಳಿನಂತೆ ಚುಚ್ಚೀತು. ಬಟ್ಟೆ ಸುತ್ತಲೂ 8 ಸೆಂ.ಮೀ. ಮಡಚಲು ಬೇಕಾಗುವುದರಿಂದ 120 ಸೆಂ.ಮೀ.ಗಿಂತ ಕಡಿಮೆ ಅಗಲದ ಬಟ್ಟೆ ಸಾಲದು.

ಬಿಲ್ಲೆಯನ್ನು ತಗ್ಗಿಗಿಂತ 5 ಅಥವಾ 6 ಮಿ.ಮೀ. ಸಣ್ಣದಾಗಿ ಕತ್ತರಿಸಿ, ಬಟ್ಟೆ ಸುತ್ತಿದ ಮೇಲೆ ಅದು ಸರಿಯಾಗಿ ಕೂರುತ್ತದೆ. ಕೆಳಗಿನ 18 ಮಿ.ಮೀ. ಹಲಗೆಯಲ್ಲಿ, ಕಂಬದ ತೋಳುಗಳಿಗೆ ಅಡ್ಡಬಾರದ ಎರಡು ಕಡೆ, ಒಂದು ಇಂಚಿನ ರಂಧ್ರ ಕೊರೆಯುವುದನ್ನು ಮರೆಯಬೇಡಿ. ನಾನು ಮಾಡಿದ ಮೊದಲ ಮೇಜಿಗೆ ಆ ರಂಧ್ರಗಳಿರಲಿಲ್ಲ. ಬಿಲ್ಲೆ ಎಷ್ಟು ಚೊಕ್ಕವಾಗಿ ಕೂತಿತ್ತೆಂದರೆ, ಅದನ್ನು ಎಬ್ಬಿಸಲು ಉಳಿಯನ್ನು ಸಂದಿಗೆ ತೂರಿಸಬೇಕಾಯಿತು, ಎರಡು ದಿನದ ಬಟ್ಟೆ ಅಂಗೈ ಉದ್ದ ಹರಿಯಿತು. ರಂಧ್ರವಿದ್ದರೆ ಕೆಳಗಿನಿಂದ ಬೆರಳಿನಲ್ಲಿ ತಳ್ಳಿದರೆ ಸಾಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿಲ್ಲೆಯನ್ನು ಹೊರತೆಗೆದು ಗೋಡೆಗೆ ಒರಗಿಸಿ ಗಾಳಿಗೆ ಬಿಡಬಹುದು. ತಗ್ಗಿನಲ್ಲಿ ಅದರ ಬದಲು 12 ಮಿ.ಮೀ. ದಪ್ಪದ ಬರಿಯ ಮರದ ಬಿಲ್ಲೆಯನ್ನು ಕೂರಿಸಿದರೆ ಅದು ಊಟದ ಮೇಜೂ ಆಗುತ್ತದೆ.

ಅಂಚಿಗೆ ಮೆತ್ತನೆಯ ರೆಕ್ಸಿನ್ ದಿಂಡು, ಅದರೊಳಗೆ ಲೋಟ ಇಡುವ ಬಟ್ಟಲು ಮುಂತಾದವನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ಅವು ಪೋಕರ್ ಮೇಜಿನ ಅಲಂಕಾರ. ನಿಮ್ಮ ಮೇಜಿನಲ್ಲಿ ಅವು ಆಟದ ಜಾಗವನ್ನು ತಿನ್ನುತ್ತವೆ, ನಮ್ಮ ಸ್ಟೀಲ್ ಲೋಟ ಆ ಬಟ್ಟಲಿನ ಅಳತೆಗೆ ಹೊಂದುವುದೂ ಇಲ್ಲ. ಇಬ್ಬರಿಗೊಂದರಂತೆ ಮೂರು ಸಣ್ಣ ಸ್ಟೂಲುಗಳನ್ನು ಕುರ್ಚಿಗಳ ನಡುವೆ ಇಟ್ಟರೆ ಚಹಾ ಮೇಜಿನ ಮೇಲೆ ಬರುವುದೇ ತಪ್ಪುತ್ತದೆ.

ಎಲ್ಲವನ್ನೂ ಒಟ್ಟಿಗೆ ಮಾಡಲು ಈಗ ಆಗದಿದ್ದರೆ ಎರಡು ಕಿರುದಾರಿಗಳಿವೆ. ಬಳೆ, ತಗ್ಗು ಏನೂ ಇಲ್ಲದೆ ಈಗಿನ ಹಲಗೆಗೇ ಇವಿಎ ಹಿಡಿಸಿ, ಬಟ್ಟೆಯನ್ನು ಅಡಿಗೆ ಮಡಚಿ ಪಿನ್ನು ಹೊಡೆಯಬಹುದು. ಖರ್ಚು ಕಡಿಮೆ, ಆದರೆ ಮೊಣಕೈ ತಾಗುವ ಅಂಚಿನಲ್ಲಿ ಬಟ್ಟೆ ಮೊದಲು ಸವೆಯುತ್ತದೆ, ಬದಲಿಸುವಾಗ ಮೇಜನ್ನೇ ಬೋರಲು ಹಾಕಬೇಕು. ಇಲ್ಲವೇ ಬಟ್ಟೆ ಕಟ್ಟಿದ 12 ಮಿ.ಮೀ. ಹಲಗೆಯನ್ನು ಮನೆಯ ಊಟದ ಮೇಜಿನ ಮೇಲೆ, ನಡುವೆ ಜಾರದ ರಬ್ಬರ್ ಜಾಲರಿ ಹಾಸಿ, ಭಾನುವಾರಕ್ಕಷ್ಟೇ ಇಡಬಹುದು. ಅದು ಸುಮಾರು 9 ಕೆ.ಜಿ. ತೂಗುತ್ತದೆ, ಎತ್ತಿಡಲು ನೀವು ಮನೆಯಲ್ಲಿರಬೇಕು. ಊಟದ ಮೇಜಿನಿಂದ ಯಾವ ಪಕ್ಕಕ್ಕೂ 10 ಸೆಂ.ಮೀ.ಗಿಂತ ಹೆಚ್ಚು ಹೊರಚಾಚದಂತೆ ನೋಡಿಕೊಳ್ಳಿ, ಇಲ್ಲವಾದರೆ ಮತ್ತೆ ಅದೇ ತಕ್ಕಡಿಯ ತೊಂದರೆ.

ಪಾದವನ್ನು ಈ ವಾರವೇ ಬದಲಿಸಿ. ಅದಕ್ಕೆ ಕಾಲ ನೋಡಬೇಕಾಗಿಲ್ಲ. ಬಣ್ಣ, ಅಂಟು, ಬಟ್ಟೆಯ ಕೆಲಸವನ್ನು ಮಳೆ ಪೂರ್ತಿ ನಿಂತು, ನವೆಂಬರಿನಲ್ಲಿ ಹಲಗೆ ಚೆನ್ನಾಗಿ ಒಣಗಿದ ಮೇಲೆ ಮಾಡಿ. ಬಟ್ಟೆ ಕೊಳ್ಳುವಾಗ ಎರಡು ಬಿಲ್ಲೆಗೆ ಆಗುವಷ್ಟು ಒಂದೇ ಥಾನಿನಿಂದ ಕತ್ತರಿಸಿಕೊಂಡು, ಉಳಿದದ್ದನ್ನು ಮಡಚದೆ ಕೋಲಿಗೆ ಸುತ್ತಿ ಕಪಾಟಿನಲ್ಲಿಡಿ.